ಮಗನ ಇವ್ಯಾಲ್ಯುಯೇಶನ್‌ಗೆ ಸಹಿ ಹಾಕಲೇ? ಅಮೆರಿಕದ ಪಬ್ಲಿಕ್ ಶಾಲೆ ಮತ್ತು ಸ್ಪೆಷಲ್ ಎಜುಕೇಶನ್ ಕುರಿತು ತಾಯಿಯೊಬ್ಬರ ಪ್ರಶ್ನೆ

ಪ್ರಶ್ನೆ: ನಾವು ಟೆಕ್ಸಾಸ್‌ನ ಡಲ್ಲಾಸ್ ಪಕ್ಕದ ಊರೊಂದರಲ್ಲಿದ್ದೇವೆ. ಮನೆಯವರು ಎಚ್-1ಬಿ ವೀಸಾದಲ್ಲಿದ್ದಾರೆ. ಮಗನಿಗೆ ಎಂಟು ವರ್ಷ, ಪಬ್ಲಿಕ್ ಶಾಲೆಯಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಶಾಲೆಯಲ್ಲಿ, ಮೂರನೇ ತರಗತಿ. ಅವನಿಗೆ ಐದು ವರ್ಷವಿದ್ದಾಗ ಮೈಸೂರಿನಿಂದ ಬಂದೆವು, ಮನೆಯಲ್ಲಿ ಕನ್ನಡವೇ. ಮಾತಿನಲ್ಲಿ ಚುರುಕು, ಲೆಕ್ಕದಲ್ಲೂ ಮುಂದು. ಓದು ಮಾತ್ರ ಹತ್ತುತ್ತಿಲ್ಲ. ಒಂದು ಪುಟಕ್ಕೆ ಕಾಲು ಗಂಟೆ ಹಿಡಿಯುತ್ತದೆ, ಈ ಸಾಲಿನಲ್ಲಿ ಓದಿದ ಪದ ಮುಂದಿನ ಸಾಲಿನಲ್ಲಿ ಹೊಸದಾಗಿಬಿಡುತ್ತದೆ. ಒಂದನೇ ತರಗತಿಯಿಂದ ಶಾಲೆಯವರನ್ನು ಕೇಳುತ್ತಲೇ ಇದ್ದೇನೆ. "ಮನೆಯಲ್ಲಿ ಬೇರೆ ಭಾಷೆ, ಹಾಗಾಗಿ ನಿಧಾನ, ಕಾಯೋಣ" ಎಂದರು. ಕಳೆದ ವರ್ಷ ಸಣ್ಣ ಗುಂಪಿನಲ್ಲಿ ಕೂರಿಸಿ ಪಾಠ ಮಾಡಿದರು. ಈಗ ಹೊಸ ಟೀಚರ್, ಸ್ಪೆಷಲ್ ಎಜುಕೇಶನ್ (ಕಲಿಕೆಗೆ ತೊಂದರೆಯಿರುವ ಮಕ್ಕಳಿಗೆ ವಿಶೇಷ ಬೋಧನೆ) ಬೇಕೇ ಎಂದು ನೋಡುವ ಇವ್ಯಾಲ್ಯುಯೇಶನ್ ಮಾಡಿಸೋಣ ಎಂದು ಒಪ್ಪಿಗೆ ಪತ್ರ ಕಳಿಸಿದ್ದಾರೆ. ಮನೆಯವರಿಗೆ ಇಷ್ಟವಿಲ್ಲ. ಹಣೆಪಟ್ಟಿ ಬೀಳುತ್ತದೆ, ಕಾಲೇಜಿನವರೆಗೂ ಹಿಂಬಾಲಿಸುತ್ತದೆ, ಗ್ರೀನ್ ಕಾರ್ಡ್‌ಗೂ ಅಡ್ಡಿಯಾದೀತು ಎನ್ನುತ್ತಾರೆ. ಅತ್ತೆ, "ಇವನ ಅಪ್ಪನೂ ಹೀಗೇ ಇದ್ದ, ಆಮೇಲೆ ಸರಿಹೋದ" ಎನ್ನುತ್ತಾರೆ. ಸ್ನೇಹಿತೆಯೊಬ್ಬಳು ಮನೆಯಲ್ಲಿ ಕನ್ನಡ ನಿಲ್ಲಿಸು ಎಂದಳು. ಇನ್ನೊಬ್ಬರು ಖಾಸಗಿ ಶಾಲೆಗೆ ಹಾಕಿ ಎಂದರು. ಮುಂದಿನ ವರ್ಷ ನ್ಯೂಜೆರ್ಸಿಗೆ ಹೋಗಬೇಕಾಗಿ ಬರಬಹುದು. ಸಹಿ ಹಾಕಲೇ, ಬೇಡವೇ?

ಉತ್ತರ: ಸಹಿ ಹಾಕಿ. ದಿನಾಂಕ ಬರೆಯಿರಿ, ಪ್ರತಿ ಇಟ್ಟುಕೊಳ್ಳಿ, ಜೊತೆಗೆ ನಿಮ್ಮದೇ ಒಂದು ಪುಟದ ಪತ್ರವನ್ನೂ ಲಗತ್ತಿಸಿ. ಆ ಪತ್ರದಲ್ಲಿ ಏನಿರಬೇಕು ಎಂಬುದೇ ಈ ಉತ್ತರದ ತಿರುಳು, ಅಲ್ಲಿಗೆ ಬರುತ್ತೇನೆ.

ಅದಕ್ಕೆ ಮೊದಲು ನಿಮ್ಮ ಮನೆಯವರ ಆತಂಕ. ನಾನು ಇಲ್ಲಿನ ಪಬ್ಲಿಕ್ ಶಾಲೆಗಳಲ್ಲಿ ಸ್ಕೂಲ್ ಸೈಕಾಲಜಿಸ್ಟ್. ಇಂಥದೇ ಕಾಗದ ಕೈಯಲ್ಲಿ ಹಿಡಿದು ಕಂಗಾಲಾದ ಎಷ್ಟೋ ಅಪ್ಪ-ಅಮ್ಮಂದಿರ ಎದುರು ಕೂತಿದ್ದೇನೆ. ಅವರೆಲ್ಲರ ಭಯದ ಬುಡದಲ್ಲಿ ಒಂದೇ ನಂಬಿಕೆ ಇರುತ್ತದೆ: ಒಮ್ಮೆ ಸಹಿ ಹಾಕಿದರೆ ಮಗು ಶಾಲೆಯವರ ಕೈಗೆ ಹೋಯಿತು, ಇನ್ನು ಅವರು ಆಡಿಸಿದಂತೆ. ಕಾನೂನು ಹಾಗಿಲ್ಲ. ಇಲ್ಲಿ ಎರಡು ಬೇರೆ ಬೇರೆ ಒಪ್ಪಿಗೆಗಳಿವೆ. ಈಗ ಕೇಳುತ್ತಿರುವುದು ಮಗುವನ್ನು ಪರೀಕ್ಷಿಸಿ ನೋಡುವುದಕ್ಕೆ ಮಾತ್ರ. ವರದಿ ಬಂದು, ಮಗು ಅರ್ಹ ಎಂದಾದ ಮೇಲೆ, ಸ್ಪೆಷಲ್ ಎಜುಕೇಶನ್ ಶುರು ಮಾಡಲು ಇನ್ನೊಮ್ಮೆ ನಿಮ್ಮ ಸಹಿ ಬೇಕು. ಆಗ ನೀವು ಬೇಡವೆಂದರೆ ಶಾಲೆ ನಿಮ್ಮನ್ನು ಮೀರಿ ಮುಂದುವರಿಯುವಂತಿಲ್ಲ, ಆ ನಿರಾಕರಣೆಯ ವಿರುದ್ಧ ದೂರು ಹೂಡುವಂತೆಯೂ ಇಲ್ಲ. ಶುರುವಾದ ಮೇಲೂ ಬರಹದಲ್ಲಿ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಈ ಎರಡು ಮೆಟ್ಟಿಲನ್ನು ನಿಮ್ಮ ಮನೆಯವರಿಗೆ ಬಿಡಿಸಿ ಹೇಳಿ. ಅರ್ಧ ಜಗಳ ಅಲ್ಲೇ ಕರಗುತ್ತದೆ ಎಂಬುದು ನನ್ನ ಅನುಭವ.

ಶಾಲೆ ಹೀಗೆ ಮುಂದೆ ಬಂದು ಕೇಳುವುದು ಅದರ ಕರ್ತವ್ಯ. 1975ರ ಮೊದಲು ಈ ದೇಶದಲ್ಲೂ ಅಂಗವೈಕಲ್ಯವಿರುವ ಲಕ್ಷಾಂತರ ಮಕ್ಕಳಿಗೆ ಶಾಲೆಯ ಬಾಗಿಲೇ ಮುಚ್ಚಿತ್ತು. ಮುಂದೆ ಅಂಗವಿಕಲರ ಹಕ್ಕುಗಳ ದೊಡ್ಡ ಹೋರಾಟಗಾರ್ತಿಯಾದ ಜೂಡಿ ಹ್ಯೂಮನ್, ಪೋಲಿಯೊದಿಂದ ಗಾಲಿಕುರ್ಚಿಯಲ್ಲಿದ್ದ ಪುಟ್ಟ ಹುಡುಗಿಯಾಗಿದ್ದಾಗ, ನ್ಯೂಯಾರ್ಕ್‌ನ ಶಾಲೆಯೊಂದು "ಬೆಂಕಿ ಬಿದ್ದರೆ ಇವಳಿಂದ ಅಪಾಯ" ಎಂದು ಅವರನ್ನು ಸೇರಿಸಿಕೊಳ್ಳಲಿಲ್ಲ. 1975ರ ನವೆಂಬರ್‌ನಲ್ಲಿ ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ಕಾನೂನು, ಈಗ ಐಡಿಇಎ ಎಂದು ಕರೆಯುವುದು, ಇದನ್ನು ತಿರುಗುಮುರುಗು ಮಾಡಿತು. ಮಗುವನ್ನು ಹುಡುಕಿ ಗುರುತಿಸುವ ಹೊಣೆ ಶಾಲಾ ಜಿಲ್ಲೆಯದ್ದಾಯಿತು, ಅಂದರೆ ಊರಿನ ಪಬ್ಲಿಕ್ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯದ್ದು. ಇದಕ್ಕೆ 'ಚೈಲ್ಡ್ ಫೈಂಡ್' ಎನ್ನುತ್ತಾರೆ. ಮಗು ನಪಾಸಾಗುವವರೆಗೆ ಕಾಯಬೇಕಿಲ್ಲ. ತರಗತಿಯಿಂದ ತರಗತಿಗೆ ದಾಟುತ್ತಿರುವ ಮಕ್ಕಳೂ ಈ ಹೊಣೆಯೊಳಗೆ ಬರುತ್ತಾರೆ ಎಂದು ನಿಯಮ ಬಿಡಿಸಿ ಹೇಳುತ್ತದೆ. 2022-23ರಲ್ಲಿ ಅಮೆರಿಕದ ಪಬ್ಲಿಕ್ ಶಾಲೆಗಳಲ್ಲಿ ಈ ಕಾನೂನಿನಡಿ ನೆರವು ಪಡೆಯುತ್ತಿದ್ದ ಮಕ್ಕಳು ಸುಮಾರು 75 ಲಕ್ಷ. ನೂರಕ್ಕೆ ಹದಿನೈದು ಮಕ್ಕಳು, ಅವರಲ್ಲಿ ಮೂರನೇ ಒಂದು ಭಾಗದಷ್ಟು ಜನಕ್ಕೆ ಇರುವುದು ಓದು, ಬರಹ, ಲೆಕ್ಕಕ್ಕೆ ಸಂಬಂಧಿಸಿದ ಕಲಿಕಾ ತೊಂದರೆ. ನಿಮ್ಮ ಮಗನ ತರಗತಿಯಲ್ಲೂ ಅಂಥ ಇನ್ನೊಬ್ಬಿಬ್ಬರು ಇದ್ದೇ ಇರುತ್ತಾರೆ.

ಇವ್ಯಾಲ್ಯುಯೇಶನ್ ಎಂದರೆ ಒಂದು ಕೋಣೆ, ಒಂದು ಐಕ್ಯೂ ಪರೀಕ್ಷೆ, ಒಂದು ಸಂಖ್ಯೆ ಎಂದು ಹಲವರ ಕಲ್ಪನೆ. ಒಂದೇ ಪರೀಕ್ಷೆಯ ಆಧಾರದ ಮೇಲೆ ತೀರ್ಮಾನಿಸುವುದನ್ನು ಕಾನೂನೇ ನಿಷೇಧಿಸಿದೆ. ಕಣ್ಣು, ಕಿವಿ ಸರಿಯಿವೆಯೇ ನೋಡುತ್ತಾರೆ. ತರಗತಿಯಲ್ಲಿ ಕೂತು ಗಮನಿಸುತ್ತಾರೆ. ನಿಮ್ಮನ್ನೂ ಟೀಚರನ್ನೂ ಮಾತಾಡಿಸುತ್ತಾರೆ. ಪದದೊಳಗಿನ ಧ್ವನಿಗಳನ್ನು ಬಿಡಿಸಬಲ್ಲನೇ, ಅರ್ಥವಿಲ್ಲದ ಹೊಸ ಪದವನ್ನು ಅಕ್ಷರ ಕೂಡಿಸಿ ಓದಬಲ್ಲನೇ, ಬಣ್ಣ-ಅಂಕಿ-ಅಕ್ಷರಗಳನ್ನು ಸರಸರನೆ ಹೆಸರಿಸಬಲ್ಲನೇ, ಓದಿದ್ದು ಅರ್ಥವಾಗದ್ದೋ ಓದಲಿಕ್ಕೇ ಬಾರದ್ದೋ, ಇದೆಲ್ಲ ಬೇರೆ ಬೇರೆಯಾಗಿ ಅಳೆಯುತ್ತಾರೆ. ಟೆಕ್ಸಾಸ್‌ನಲ್ಲಿ ಹೆಚ್ಚಾಗಿ ಎಜುಕೇಶನಲ್ ಡಯಾಗ್ನೋಸ್ಟೀಶಿಯನ್ ಎಂಬ ತಜ್ಞರು ಇದನ್ನು ಮಾಡುತ್ತಾರೆ. ಡಿಸ್ಲೆಕ್ಸಿಯಾ, ಅಂದರೆ ಧ್ವನಿ-ಅಕ್ಷರ ಕೂಡಿಸಿ ಪದ ಓದುವುದೇ ಕಷ್ಟವಾಗುವ ಕಲಿಕಾ ತೊಂದರೆ, ಇದೆಯೆಂಬ ಶಂಕೆ ಇದ್ದರೆ ಅದನ್ನು ಬಲ್ಲವರೊಬ್ಬರು ತಂಡದಲ್ಲಿರಲೇಬೇಕು ಎಂದು 2023ರಲ್ಲಿ ಆ ರಾಜ್ಯ ಕಾನೂನು ಮಾಡಿತು. ಯಾವುದಕ್ಕೂ ನೀವು ಒಂದು ಡಾಲರ್ ಕೊಡಬೇಕಿಲ್ಲ.

ಗಡುವು ಕೂಡ ಇದೆ. ಒಪ್ಪಿಗೆ ಸಿಕ್ಕ 60 ದಿನದೊಳಗೆ ಮುಗಿಸಬೇಕೆಂದು ಕೇಂದ್ರದ ನಿಯಮ. ರಾಜ್ಯ ತನ್ನದೇ ಗಡುವು ಇಟ್ಟುಕೊಂಡಿದ್ದರೆ ಅದು ನಡೆಯುತ್ತದೆ. ಟೆಕ್ಸಾಸ್‌ನಲ್ಲಿ ಅದು ಶಾಲೆ ನಡೆಯುವ 45 ದಿನ. ಡಿಸೆಂಬರ್‌ನಲ್ಲಿ ಊರಿಗೆ ಹೋಗುವ ನಮ್ಮವರಿಗೆ ಒಂದು ಮಾತು: ಈ ಅವಧಿಯಲ್ಲಿ ಮಗು ಮೂರು ಅಥವಾ ಹೆಚ್ಚು ಶಾಲಾ ದಿನ ಗೈರಾದರೆ ಅಷ್ಟು ದಿನ ಗಡುವು ಮುಂದೆ ಹೋಗುತ್ತದೆ. ಇಂಡಿಯಾ ಪ್ರವಾಸ ಇದ್ದರೆ ಈಗಲೇ ಶಾಲೆಗೆ ತಿಳಿಸಿ.

ಇನ್ನು ಕನ್ನಡ.

ಶಾಲೆ ಎರಡು ವರ್ಷ ನಿಮಗೆ ಹೇಳಿದ್ದು, ಸ್ನೇಹಿತೆ ಹೇಳಿದ್ದು, ಎರಡರ ಹಿಂದೆಯೂ ಒಂದೇ ತಪ್ಪು ಕಲ್ಪನೆಯಿದೆ. ಮನೆಯ ಭಾಷೆ ಬೇರೆಯಾಗಿರುವುದರಿಂದ ಓದಿನ ತೊಂದರೆ ಹುಟ್ಟುವುದಿಲ್ಲ. ಎರಡು ಭಾಷೆಯಲ್ಲಿ ಬೆಳೆಯುವ ಮಕ್ಕಳಿಗೆ ಡಿಸ್ಲೆಕ್ಸಿಯಾ ಹೆಚ್ಚಾಗಿ ಬರುವುದೂ ಇಲ್ಲ, ಅದರಿಂದ ಅವರಿಗೆ ರಕ್ಷಣೆಯೂ ಇಲ್ಲ. ಕನ್ನಡ ನಿಲ್ಲಿಸಿದರೆ ಇಂಗ್ಲಿಷ್ ಓದು ಸುಧಾರಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆಗುವ ನಷ್ಟ ಮಾತ್ರ ಖಚಿತ. ಮಗುವಿನೊಡನೆ ನೀವು ಅತ್ಯಂತ ಸಲೀಸಾಗಿ ಆಡುವ, ಕಥೆ ಹೇಳುವ, ತರ್ಕ ಮಾಡುವ, ಸಮಾಧಾನಪಡಿಸುವ ಭಾಷೆ ಮನೆಯಿಂದ ಹೋಗುತ್ತದೆ. ಮಾತಿನ ಸಂಪತ್ತು ಯಾವ ಭಾಷೆಯಲ್ಲಿ ಬೆಳೆದರೂ ಮುಂದೆ ಓದಿ ಅರ್ಥ ಮಾಡಿಕೊಳ್ಳುವಾಗ ಕೈಹಿಡಿಯುತ್ತದೆ. ದಯವಿಟ್ಟು ಕನ್ನಡ ಬಿಡಬೇಡಿ. ಇದನ್ನು ನಾನು ಅಭಿಮಾನಕ್ಕೆ ಹೇಳುತ್ತಿಲ್ಲ, ವೃತ್ತಿಯ ಕಡೆಯಿಂದ ಹೇಳುತ್ತಿದ್ದೇನೆ.

ಆದರೆ ಒಂದು ನಿಜವಾದ ಸಮಸ್ಯೆ ಇದೆ. ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಗುವಿನ ನಿಧಾನವೂ ಕಲಿಕಾ ತೊಂದರೆಯ ನಿಧಾನವೂ ಇಂಗ್ಲಿಷ್ ತರಗತಿಯಲ್ಲಿ ಕೂತು ನೋಡಿದರೆ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಇಲ್ಲಿ ಎರಡು ಬಗೆಯ ಅನ್ಯಾಯವೂ ನಡೆದಿದೆ. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನು ಇಂಗ್ಲಿಷ್‌ನಲ್ಲಿ ಪರೀಕ್ಷಿಸಿ ಬುದ್ಧಿಮಾಂದ್ಯರ ತರಗತಿಗೆ ತಳ್ಳಿದ್ದರ ವಿರುದ್ಧ ಡಯಾನಾ ಎಂಬ ಹೆಸರಿನ ಮೊಕದ್ದಮೆ ನಡೆಯಿತು. ಅದರ ಫಲವಾಗಿ ಮನೆಮಾತಿನಲ್ಲೂ ಪರೀಕ್ಷಿಸುವ ಒಪ್ಪಂದವಾಯಿತು. ಇಂದಿನ ಕಾನೂನಿನಲ್ಲಿ ಆ ಎಚ್ಚರ ಉಳಿದಿದೆ. ಸಾಧ್ಯವಿದ್ದಷ್ಟೂ ಮಗುವಿನ ಮನೆಮಾತಿನಲ್ಲಿ ಅಳೆಯಬೇಕು, ಇಂಗ್ಲಿಷ್ ಕಡಿಮೆ ಬರುವುದೇ ಮುಖ್ಯ ಕಾರಣವಾಗಿದ್ದರೆ ಅಂಗವೈಕಲ್ಯ ಎನ್ನುವಂತಿಲ್ಲ. ಇದಕ್ಕೆ ಹೆದರಿ ಶಾಲೆಗಳು ಈಗ ಇನ್ನೊಂದು ತುದಿಗೆ ಹೋಗುತ್ತವೆ. ಮನೆಮಾತು ಬೇರೆ ಎಂದು ಕಂಡ ತಕ್ಷಣ "ಕಾಯೋಣ" ಎನ್ನುತ್ತವೆ. ನಿಮ್ಮ ಮಗನಿಗೆ ಆದದ್ದು ಇದೇ.

ಎರಡನ್ನೂ ಬೇರ್ಪಡಿಸುವ ಸಾಕ್ಷ್ಯ ಸಿಗುವುದು ಮನೆಮಾತಿನಲ್ಲಿ. ತೊಂದರೆ ಬರೀ ಇಂಗ್ಲಿಷ್ ಹೊಸದೆಂಬುದಾಗಿದ್ದರೆ ಕನ್ನಡದಲ್ಲಿ ಅದರ ಗುರುತು ಇರಬಾರದು. ಬುಡದಲ್ಲೇ ಧ್ವನಿಗಳನ್ನು ಬಿಡಿಸುವ ತೊಂದರೆಯಾಗಿದ್ದರೆ ಎರಡೂ ಭಾಷೆಯಲ್ಲಿ ಅದು ತಲೆಹಾಕುತ್ತದೆ, ರೂಪ ಮಾತ್ರ ಬೇರೆ. ಆದರೆ ಶಾಲೆಯ ಕಪಾಟಿನಲ್ಲಿ ಕನ್ನಡದ ಪ್ರಮಾಣಿತ ಪರೀಕ್ಷೆ ಇರುವುದಿಲ್ಲ. ಇಂಗ್ಲಿಷ್ ಪರೀಕ್ಷೆಯನ್ನು ದುಭಾಷಿಯಿಂದ ಕನ್ನಡಕ್ಕೆ ಹೇಳಿಸಿದರೆ ಅದರ ಅಂಕಗಳಿಗೆ ಬೆಲೆ ಉಳಿಯುವುದಿಲ್ಲ. ಸ್ಪ್ಯಾನಿಷ್ ಬಲ್ಲ ತಜ್ಞರು ಟೆಕ್ಸಾಸ್‌ನಲ್ಲಿ ಸಿಗುತ್ತಾರೆ, ಕನ್ನಡ ಬಲ್ಲವರು ಅಪರೂಪ. ಹಾಗಾಗಿ ಈ ಸಾಕ್ಷ್ಯ ಇರುವುದು ನಿಮ್ಮೊಬ್ಬರ ಬಳಿ. ನೀವು ಹೇಳದಿದ್ದರೆ ವರದಿಯಲ್ಲಿ ಆ ಜಾಗ ಖಾಲಿ ಉಳಿಯುತ್ತದೆ, ಖಾಲಿ ಜಾಗವನ್ನು ಊಹೆ ತುಂಬುತ್ತದೆ.

ನಿಮ್ಮ ಪತ್ರದಲ್ಲಿ ಬರೆಯಬೇಕಾದ್ದು ಇದನ್ನು. ಅವನು ಮೊದಲ ಪದ, ಮೊದಲ ವಾಕ್ಯ ಕನ್ನಡದಲ್ಲಿ ಆಡಿದ್ದು ಯಾವಾಗ? ಅಜ್ಜಿ ಹೇಳಿದ ಕಥೆಯನ್ನು ಕ್ರಮ ತಪ್ಪದೆ ತಿರುಗಿ ಹೇಳುತ್ತಾನೆಯೇ? ಅಂತ್ಯಾಕ್ಷರಿ ಆಡುವಾಗ ಹಾಡಿನ ಕೊನೆಯ ಅಕ್ಷರ ಹಿಡಿಯಲು ತಡವರಿಸುತ್ತಾನೆಯೇ? ಪ್ರಾಸದ ಪದ ಹುಡುಕಲು ಕಷ್ಟವೇ? ವಾರಗಳ ಹೆಸರು, ತಿಂಗಳ ಹೆಸರು ಎಷ್ಟು ಕಲಿಸಿದರೂ ಅದಲು ಬದಲೇ? ಲೆಕ್ಕದಲ್ಲಿ ಮುಂದು ಎಂದಿರಿ, ಆದರೆ ಮಗ್ಗಿ ಬಾಯಿಪಾಠ ಆಗುತ್ತದೆಯೇ? ಲೆಕ್ಕದ ತರ್ಕ ಚೆನ್ನಾಗಿದ್ದೂ ಮಗ್ಗಿ ನಿಲ್ಲದಿರುವುದು ಡಿಸ್ಲೆಕ್ಸಿಯಾ ಇರುವ ಮಕ್ಕಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಮೈಸೂರಿನಲ್ಲಿ ಎಲ್‌ಕೆಜಿ, ಯುಕೆಜಿಯಲ್ಲಿ ಅಕ್ಷರ ಕಲಿತಿದ್ದನೇ, ಜೊತೆಯ ಮಕ್ಕಳಿಗಿಂತ ತಡವಾಯಿತೇ? ಅಥವಾ ಈಗ ನೀವು ಮನೆಯಲ್ಲೋ ಕನ್ನಡ ಕಲಿ ತರಗತಿಯಲ್ಲೋ ಕಲಿಸುತ್ತಿದ್ದರೆ, ಕಿ-ಕೀ, ಕು-ಕೂ ಗೊಂದಲ ಎಷ್ಟು ಕಾಲ ಉಳಿಯಿತು, ಒತ್ತಕ್ಷರ ಬಿಟ್ಟು ಓದುತ್ತಾನೆಯೇ? ಕನ್ನಡದಲ್ಲಿ ಬರೆದಂತೆ ಓದುವುದರಿಂದ ಇಂಥ ಮಕ್ಕಳು ತಪ್ಪಿಲ್ಲದೆ ಓದಿದರೂ ಬಹಳ ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಓದುವುದುಂಟು. ಇಂಗ್ಲಿಷ್‌ನಲ್ಲಿ ಕಾಗುಣಿತಕ್ಕೂ ಉಚ್ಚಾರಕ್ಕೂ ತಾಳೆಯಿಲ್ಲದ್ದರಿಂದ ಅದೇ ತೊಂದರೆ ತಪ್ಪುಗಳಾಗಿ ಎದ್ದು ಕಾಣುತ್ತದೆ. "ಕನ್ನಡ ಸರಿಯಾಗಿ ಓದುತ್ತಾನಲ್ಲ" ಎಂದು ಸಮಾಧಾನಪಟ್ಟುಕೊಳ್ಳುವ ಮೊದಲು ವೇಗ ನೋಡಿ.

ಇದಕ್ಕೆ ತಿರುವಾದ ಎಚ್ಚರವೂ ಬೇಕು. ಇಂಗ್ಲಿಷ್‌ನ 'ವಿ' ಮತ್ತು 'ಡಬ್ಲ್ಯು'ಗಳಿಗೆ ಅವನು ಒಂದೇ 'ವ' ಬಳಸಿದರೆ, 'zoo' ಪದವನ್ನು ನಮ್ಮ 'ಜ'ದಲ್ಲಿ ಹೇಳಿದರೆ, ಅದು ಕನ್ನಡದ ಛಾಪು, ಮಾತಿನ ದೋಷವಲ್ಲ. ವರದಿಯಲ್ಲಿ ಅದನ್ನು ತೊಂದರೆಯ ಪಟ್ಟಿಗೆ ಸೇರಿಸಿದ್ದರೆ ತೆಗೆಸಿ.

ಅತ್ತೆಯವರ ಮಾತನ್ನೂ ಪತ್ರದಲ್ಲಿ ಬರೆಯಿರಿ. ಅವರು ಸಮಾಧಾನಕ್ಕೆ ಹೇಳಿದ್ದು ನನ್ನ ಕಿವಿಗೆ ಮುಖ್ಯ ಸುಳಿವಾಗಿ ಕೇಳಿಸುತ್ತದೆ. ಓದಿನ ತೊಂದರೆ ವಂಶದಲ್ಲಿ ಹರಿಯುತ್ತದೆ. ಅಪ್ಪ ಅಥವಾ ಅಮ್ಮನಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಉಳಿದವರಿಗಿಂತ ಸ್ಪಷ್ಟವಾಗಿ ಹೆಚ್ಚು. ನಿಮ್ಮ ಮನೆಯವರು ಆಗ ಎಷ್ಟು ಕಷ್ಟಪಟ್ಟರು, ಈಗಲೂ ದೀರ್ಘ ಇಮೇಲ್ ಓದಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಪ್ರೀತಿಯಿಂದ ಕೇಳಿ ನೋಡಿ. "ಸರಿಹೋದ" ಎನ್ನುವುದರ ಹಿಂದೆ ಒಬ್ಬ ಹುಡುಗ ಒಂಟಿಯಾಗಿ ಪಟ್ಟ ಪಾಡು ಇರಬಹುದು. ಅವರ ವಿರೋಧದ ಬೇರೂ ಅಲ್ಲೇ ಇರಬಹುದು. ಇದು ನನ್ನ ಊಹೆ, ಆದರೆ ಮಕ್ಕಳ ವರದಿ ಓದುತ್ತಾ ಅಪ್ಪಂದಿರು ತಮ್ಮನ್ನೇ ಕಂಡುಕೊಂಡು ಮೌನವಾಗುವುದನ್ನು ನಾನು ನೋಡಿದ್ದೇನೆ.

ಎರಡು ವರ್ಷ ಕಳೆದುಹೋಯಿತಲ್ಲ ಎಂಬ ನಿಮ್ಮ ಸಂಕಟಕ್ಕೂ ಉತ್ತರ ಬೇಕು. ಸಣ್ಣ ಗುಂಪಿನಲ್ಲಿ ಹೆಚ್ಚುವರಿ ಪಾಠ ಮಾಡಿ ಸುಧಾರಣೆ ಅಳೆಯುವ ಕ್ರಮ ಒಳ್ಳೆಯದೇ, ಎಷ್ಟೋ ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ. ಆದರೆ ಅದನ್ನು ಮುಂದೆ ಮಾಡಿ ಇವ್ಯಾಲ್ಯುಯೇಶನ್ ತಡೆಯುವಂತಿಲ್ಲ ಎಂದು ಕೇಂದ್ರ ಶಿಕ್ಷಣ ಇಲಾಖೆ 2011ರ ಜನವರಿಯಲ್ಲೇ ಎಲ್ಲ ರಾಜ್ಯಗಳಿಗೆ ಬರೆದಿದೆ. ಶಾಲೆಗಳು ಯಾಕೆ ಎಳೆಯುತ್ತವೆ? ತಜ್ಞರ ಕೊರತೆ ಒಂದು, ಹಣ ಇನ್ನೊಂದು. ಹೆಚ್ಚುವರಿ ಖರ್ಚಿನ ಶೇ. 40ರವರೆಗೆ ಕೊಡುತ್ತೇವೆಂದು 1975ರಲ್ಲಿ ಹೇಳಿದ ಕೇಂದ್ರ ಅದರ ಹತ್ತಿರಕ್ಕೂ ಎಂದೂ ಬಂದಿಲ್ಲ. ನಿಮ್ಮ ರಾಜ್ಯದ ಕಥೆ ಇನ್ನೂ ಕಹಿ. 2004ರಿಂದ ಟೆಕ್ಸಾಸ್, ಸ್ಪೆಷಲ್ ಎಜುಕೇಶನ್‌ನಲ್ಲಿ ಶೇ. 8.5ಕ್ಕಿಂತ ಹೆಚ್ಚು ಮಕ್ಕಳಿರುವ ಜಿಲ್ಲೆಗಳನ್ನು ಪ್ರಶ್ನಿಸುವ ಸೂಚ್ಯಂಕ ಇಟ್ಟುಕೊಂಡಿತ್ತು. ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ 2016ರಲ್ಲಿ ಅದನ್ನು ಬಯಲಿಗೆಳೆಯಿತು, 2017ರಲ್ಲಿ ಶಾಸನಸಭೆ ಅಂಥ ಮಿತಿಯನ್ನು ನಿಷೇಧಿಸಿತು, 2018ರ ಜನವರಿಯಲ್ಲಿ ಕೇಂದ್ರ ಇಲಾಖೆ ರಾಜ್ಯ ಕಾನೂನು ಮೀರಿದೆ ಎಂದು ತೀರ್ಮಾನಿಸಿತು. ನೆರವು ಸಿಗಬೇಕಾಗಿದ್ದ ಸಾವಿರಾರು ಮಕ್ಕಳು ಆ ವರ್ಷಗಳಲ್ಲಿ ದೊಡ್ಡವರಾಗಿಬಿಟ್ಟರು. ಹಾಗಾಗಿ ಟೀಚರೊಬ್ಬರು ತಾವಾಗಿ ಮುಂದೆ ಬಂದು ಕಾಗದ ಕಳಿಸಿರುವುದನ್ನು ನಾನು ಒಳ್ಳೆಯ ಸುದ್ದಿ ಎಂದೇ ನೋಡುತ್ತೇನೆ. ಇನ್ನೂ ಕಾಗದ ಬಾರದ ತಂದೆ-ತಾಯಿಯರಿಗೆ: ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೇಳಿ. ಟೆಕ್ಸಾಸ್‌ನಲ್ಲಿ ಲಿಖಿತ ಕೋರಿಕೆಗೆ 15 ಶಾಲಾ ದಿನಗಳಲ್ಲಿ ಶಾಲೆ ಒಪ್ಪಿಗೆ ಪತ್ರವನ್ನಾದರೂ, ನಿರಾಕರಣೆಯ ಕಾರಣವನ್ನಾದರೂ ಲಿಖಿತವಾಗಿಯೇ ಕೊಡಬೇಕು.

ಹಣೆಪಟ್ಟಿ, ಕಾಲೇಜು, ವೀಸಾ. ಇವನ್ನು ಬೇಗ ಮುಗಿಸಬಹುದು. ಕಾಲೇಜಿಗೆ ಹೋಗುವ ಅಂಕಪಟ್ಟಿಯಲ್ಲಿ ವಿದ್ಯಾರ್ಥಿಗೆ ಅಂಗವೈಕಲ್ಯವಿದೆ ಎಂದು ನಮೂದಿಸುವಂತಿಲ್ಲ, ಪ್ರವೇಶಕ್ಕೆ ಮೊದಲು ಕಾಲೇಜು ಅದನ್ನು ಕೇಳುವಂತೆಯೂ ಇಲ್ಲ. ಮಗುವನ್ನು ಸೇರಿಸಿಕೊಳ್ಳುವಾಗ ಪಬ್ಲಿಕ್ ಶಾಲೆ ವೀಸಾ ನೋಡುವುದಿಲ್ಲ. 1982ರ ಪ್ಲೈಲರ್ ತೀರ್ಪಿನ ನಂತರ ದಾಖಲೆಯಿಲ್ಲದ ಮಕ್ಕಳಿಗೂ ಬಾಗಿಲು ಮುಚ್ಚುವಂತಿಲ್ಲ. ಅದೂ ಟೆಕ್ಸಾಸ್‌ನದೇ ಮೊಕದ್ದಮೆ. ಗ್ರೀನ್ ಕಾರ್ಡ್ ಅರ್ಜಿಯ 'ಪಬ್ಲಿಕ್ ಚಾರ್ಜ್' ಪ್ರಶ್ನೆ ಬದುಕು ಸಾಗಿಸಲು ಸರ್ಕಾರವನ್ನೇ ನೆಚ್ಚಿಕೊಳ್ಳುವವರ ಕುರಿತದ್ದು. ಪಬ್ಲಿಕ್ ಶಾಲೆಯ ಪಾಠ, ಸ್ಪೆಷಲ್ ಎಜುಕೇಶನ್ ಸೇರಿ, ಅದರಲ್ಲಿ ಬರುವುದಿಲ್ಲ. ಮುಂದೆ ಮೆಡಿಕೈಡ್‌ನಂಥ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಬೇರೆ ಯೋಜನೆಗೆ ಅರ್ಜಿ ಹಾಕುವ ಯೋಚನೆ ಬಂದರೆ ಮಾತ್ರ ಮೊದಲು ಇಮಿಗ್ರೇಶನ್ ವಕೀಲರನ್ನು ಕೇಳಿ.

ಹಣೆಪಟ್ಟಿಯ ಬಗ್ಗೆ ಇನ್ನೊಂದು ಮಾತು ಹೇಳದೆ ಇರಲಾರೆ. ಎಂಟು ವರ್ಷದ, ಚುರುಕಾದ ಹುಡುಗನಿಗೆ ಜೊತೆಯವರೆಲ್ಲ ಓದುತ್ತಿರುವುದು ಕಾಣುತ್ತದೆ. ಶಾಲೆ ಹೆಸರು ಕೊಡದಿದ್ದರೆ ಅವನೇ ತನಗೊಂದು ಹೆಸರು ಕೊಟ್ಟುಕೊಂಡಿರುತ್ತಾನೆ. "ನಾನು ದಡ್ಡ" ಎಂದು ನನ್ನ ಎದುರು ಹೇಳಿದ ಮಕ್ಕಳಿಗೆಲ್ಲ ಆ ಮಾತನ್ನು ಬೇರೆಯವರು ಕಲಿಸಿರಲಿಲ್ಲ.

ವರದಿ ಬಂದ ಮೇಲೆ ಸಭೆ ಕರೆಯುತ್ತಾರೆ. ಬೇರೆ ರಾಜ್ಯಗಳು ಐಇಪಿ (ಆ ಮಗುವಿಗಾಗಿಯೇ ಬರೆದ ಶಿಕ್ಷಣ ಯೋಜನೆ) ಸಭೆ ಎನ್ನುವುದನ್ನು ಟೆಕ್ಸಾಸ್‌ನಲ್ಲಿ 'ಎಆರ್‌ಡಿ' ಎನ್ನುತ್ತಾರೆ. ನೀವು ಆ ಸಮಿತಿಯ ಸದಸ್ಯರು, ಅತಿಥಿಗಳಲ್ಲ. ವರದಿಯನ್ನು ಸಭೆಗೆ ಮೊದಲೇ ಕೊಡಲು ಇಮೇಲ್ ಮಾಡಿ. ಮೇಜಿನ ಸುತ್ತ ಏಳೆಂಟು ಜನ ಕೂತಿರುವಾಗ ಮೂವತ್ತು ಪುಟ ಓದಿ ಅರ್ಥ ಮಾಡಿಕೊಳ್ಳಲು ಯಾರಿಂದಲೂ ಆಗದು. ಇಂಗ್ಲಿಷ್ ಬಂದರೂ ಈ ಪರಿಭಾಷೆ ಕಷ್ಟ ಎನಿಸಿದರೆ ಕನ್ನಡ ದುಭಾಷಿಯನ್ನು ಕೇಳಿ, ಫೋನ್ ಮೂಲಕವಾದರೂ ಒದಗಿಸುವುದು ಶಾಲೆಯ ಹೊಣೆ.

ಅಲ್ಲಿ ಮೂರು ಪ್ರಶ್ನೆಗೆ ಉತ್ತರ ಹುಡುಕುತ್ತಾರೆ: ಕಾನೂನಿನ 13 ವರ್ಗಗಳಲ್ಲಿ ಒಂದಕ್ಕೆ ಸೇರುವ ತೊಂದರೆ ಇದೆಯೇ, ಅದು ಓದಿಗೆ ಅಡ್ಡಿ ಮಾಡುತ್ತಿದೆಯೇ, ಅದಕ್ಕೆ ವಿಶೇಷ ಬೋಧನೆ ಬೇಕೇ. ಮೂರಕ್ಕೂ ಹೌದಾದರೆ ಐಇಪಿ. ವರ್ಷಕ್ಕೊಮ್ಮೆ ಪರಿಶೀಲನೆ, ಕನಿಷ್ಠ ಮೂರು ವರ್ಷಕ್ಕೊಮ್ಮೆ ಮರು ಇವ್ಯಾಲ್ಯುಯೇಶನ್. ತೊಂದರೆ ಇದೆ, ವಿಶೇಷ ಬೋಧನೆ ಬೇಡ ಎಂದಾದರೆ 1973ರ ಇನ್ನೊಂದು ಕಾನೂನಿನ 504ನೇ ಸೆಕ್ಷನ್ ಅಡಿಯಲ್ಲಿ ಅನುಕೂಲಗಳನ್ನು ಕೊಡುವ ಯೋಜನೆ ಮಾಡುತ್ತಾರೆ.

ಇಲ್ಲಿ ಜಾಗ್ರತೆ ಬೇಕು. 504 ಯೋಜನೆಯಲ್ಲಿ ಹೆಚ್ಚು ಸಮಯ, ಪ್ರಶ್ನೆ ಓದಿ ಹೇಳುವುದು, ಆಡಿಯೊ ಪುಸ್ತಕ ಇಂಥವು ಸಿಗುತ್ತವೆ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ಮಧುಮೇಹ ಇರುವ ಎಷ್ಟೋ ಮಕ್ಕಳಿಗೆ ಅದೇ ಸರಿ. ಆದರೆ ಓದಲು ಬಾರದ ಮಗುವಿಗೆ ಹೆಚ್ಚು ಸಮಯ ಕೊಟ್ಟರೆ ಓದು ಬರುವುದಿಲ್ಲ. ಅವನಿಗೆ ಬೇಕಾದ್ದು ಧ್ವನಿಯಿಂದ ಅಕ್ಷರಕ್ಕೆ, ಅಕ್ಷರದಿಂದ ಪದಕ್ಕೆ ಮೆಟ್ಟಿಲು ಮೆಟ್ಟಿಲಾಗಿ, ತರಬೇತಾದ ಟೀಚರ್ ವಾರದಲ್ಲಿ ಹಲವು ದಿನ ಕೂರಿಸಿಕೊಂಡು ಕಲಿಸುವುದು. ಅದು ಬೋಧನೆ, ಅದರ ಜಾಗ ಐಇಪಿ. "ಐಇಪಿ ಯಾಕೆ, 504 ಸಾಕು" ಎಂದರೆ, ಅವನಿಗೆ ಓದನ್ನು ಯಾರು, ಯಾವ ಕ್ರಮದಲ್ಲಿ, ವಾರಕ್ಕೆ ಎಷ್ಟು ನಿಮಿಷ ಕಲಿಸುತ್ತಾರೆ ಎಂದು ಕೇಳಿ. ಉತ್ತರ ಕಾಗದದ ಮೇಲೆ ಬರಲಿ. ಡಿಸ್ಲೆಕ್ಸಿಯಾ ಎಂಬ ಪದ ಬಳಸಬಾರದು ಎಂದು ಯಾರಾದರೂ ಹೇಳಿದರೆ, ಬಳಸಲು ಯಾವ ಅಡ್ಡಿಯೂ ಇಲ್ಲವೆಂದು ಕೇಂದ್ರ ಇಲಾಖೆ 2015ರಲ್ಲಿ ಬರೆದ ಪತ್ರವಿದೆ.

ಗುರಿಗಳು ಎಷ್ಟು ದೊಡ್ಡದಿರಬೇಕು ಎಂಬುದಕ್ಕೂ ಆಧಾರವಿದೆ. 2017ರಲ್ಲಿ ಎಂಡ್ರೂ ಎಂಬ ಆಟಿಸಂ ಇರುವ ಹುಡುಗನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಹೆಸರಿಗಷ್ಟೇ ಪ್ರಗತಿ ಸಾಲದು, ಮಗುವಿನ ಪರಿಸ್ಥಿತಿಗೆ ತಕ್ಕ ನಿಜವಾದ ಪ್ರಗತಿ ಆಗುವಂಥ ಯೋಜನೆ ಬೇಕು ಎಂದು ಒಮ್ಮತದಿಂದ ಹೇಳಿತು. "ಓದಿನಲ್ಲಿ ಸುಧಾರಿಸುತ್ತಾನೆ" ಎಂಬುದು ಗುರಿಯಲ್ಲ. ಈಗ ನಿಮಿಷಕ್ಕೆ ಎಷ್ಟು ಪದ ಸರಿಯಾಗಿ ಓದುತ್ತಾನೆ, ವರ್ಷದ ಕೊನೆಗೆ ಎಷ್ಟು, ಅಳೆಯುವವರು ಯಾರು, ನಿಮಗೆ ವರದಿ ಯಾವಾಗ ಎಂಬಷ್ಟು ಸ್ಪಷ್ಟವಾಗಿರಬೇಕು.

ಬೇರೆ ಕೋಣೆಗೆ ಹಾಕಿಬಿಡುತ್ತಾರೆ ಎಂಬ ಭಯವೂ ಸಾಮಾನ್ಯ. ಸಾಧ್ಯವಿದ್ದಷ್ಟೂ ಉಳಿದ ಮಕ್ಕಳ ಜೊತೆಗೇ ಕಲಿಸಬೇಕೆಂಬುದು ಕಾನೂನು. ಈ ಮಕ್ಕಳಲ್ಲಿ ಮೂರನೇ ಎರಡರಷ್ಟು ಜನ ಶಾಲಾ ದಿನದ ಶೇ. 80ಕ್ಕೂ ಹೆಚ್ಚು ಹೊತ್ತು ಸಾಮಾನ್ಯ ತರಗತಿಯಲ್ಲೇ ಇರುತ್ತಾರೆ. ಅಪಾಯ ಇಲ್ಲವೆಂದಲ್ಲ. ಓದಿನ ಪಾಠಕ್ಕೆಂದು ಅವನನ್ನು ದಿನವೂ ವಿಜ್ಞಾನದ ಅಥವಾ ಆಟದ ಪೀರಿಯಡ್‌ನಿಂದ ಎಬ್ಬಿಸಿದರೆ ಅವನು ಆ ಪಾಠವನ್ನೇ ದ್ವೇಷಿಸತೊಡಗುತ್ತಾನೆ. ವೇಳಾಪಟ್ಟಿ ಕೇಳಿ, ಚೌಕಾಸಿ ಮಾಡಿ.

ವರದಿ ನಿಮಗೆ ಸರಿ ಕಾಣದಿದ್ದರೆ, ಕನ್ನಡದ ಮಾತನ್ನೇ ಅದರಲ್ಲಿ ತೆಗೆದುಕೊಂಡಿಲ್ಲದಿದ್ದರೆ, ಶಾಲೆಯ ಖರ್ಚಿನಲ್ಲೇ ಹೊರಗಿನ ಸ್ವತಂತ್ರ ತಜ್ಞರಿಂದ ಇವ್ಯಾಲ್ಯುಯೇಶನ್ ಕೇಳುವ ಹಕ್ಕಿದೆ. ಶಾಲೆ ಒಂದೋ ಹಣ ಕೊಡಬೇಕು, ಇಲ್ಲವೇ ವಿಚಾರಣೆಗೆ ಹೋಗಿ ತನ್ನ ವರದಿ ಸರಿಯೆಂದು ಸಾಬೀತು ಮಾಡಬೇಕು. ಈ ಹಕ್ಕು ಶಾಲೆಯ ವರದಿ ಬಂದ ಮೇಲಷ್ಟೇ ಹುಟ್ಟುತ್ತದೆ, ಸಹಿ ಹಾಕಿ ಎನ್ನಲು ಇದೂ ಒಂದು ಕಾರಣ. ಮೊದಲೇ ನಿಮ್ಮ ಹಣದಲ್ಲಿ ಖಾಸಗಿಯಾಗಿ ಮಾಡಿಸಿದರೆ ಸಾವಿರಾರು ಡಾಲರ್ ಆದೀತು, ಶಾಲೆ ಅದನ್ನು ಪರಿಗಣಿಸಬೇಕೇ ಹೊರತು ಒಪ್ಪಲೇಬೇಕೆಂದಿಲ್ಲ. ರಜೆಯಲ್ಲಿ ಬೆಂಗಳೂರಿನಲ್ಲಿ ಮಾಡಿಸಿದ ವರದಿಗೂ ಅದೇ ಸ್ಥಾನ, ಆದರೆ ಕನ್ನಡ ಬಲ್ಲ ತಜ್ಞರು ಕನ್ನಡದಲ್ಲಿ ನೋಡಿ ಬರೆದ ಅರ್ಧ ಪುಟವಾದರೂ ಇದ್ದರೆ ಅದಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ.

ಖಾಸಗಿ ಶಾಲೆ? ಈ ಹಂತದಲ್ಲಿ ನಾನು ಬೇಡ ಎನ್ನುತ್ತೇನೆ. ತಂದೆ-ತಾಯಿ ತಾವಾಗಿ ಖಾಸಗಿ ಶಾಲೆಗೆ ಹಾಕಿದ ಮಗುವಿಗೆ ಐಇಪಿಯ ವೈಯಕ್ತಿಕ ಹಕ್ಕು ಉಳಿಯುವುದಿಲ್ಲ. ಜಿಲ್ಲೆ ಖಾಸಗಿ ಶಾಲೆಯ ಮಕ್ಕಳಿಗೆಂದು ಮೀಸಲಿಟ್ಟ ಅಲ್ಪಸ್ವಲ್ಪದಲ್ಲಿ ಪಾಲು ಸಿಕ್ಕರೆ ಸಿಕ್ಕಿತು. ಡಿಸ್ಲೆಕ್ಸಿಯಾಗೆಂದೇ ಇರುವ ಒಳ್ಳೆಯ ಖಾಸಗಿ ಶಾಲೆಗಳಿವೆ, ಅವುಗಳ ಮಾತು ಬೇರೆ, ಶುಲ್ಕವೂ ಬೇರೆ. ಟ್ಯೂಷನ್ ಸೆಂಟರ್‌ಗಳಲ್ಲಿ ಹಾಳೆ ಮೇಲೆ ಹಾಳೆ ಅಭ್ಯಾಸ ಮಾಡಿಸುವುದು ಬರುವುದನ್ನೇ ಚುರುಕು ಮಾಡುತ್ತದೆ, ಬಾರದ್ದನ್ನು ಕಲಿಸುವುದಿಲ್ಲ. ಕಾದು ನೋಡುವುದು ಎಲ್ಲಕ್ಕಿಂತ ದುಬಾರಿ ಆಯ್ಕೆ. ಮೂರನೇ ತರಗತಿಯವರೆಗೆ ಓದಲು ಕಲಿಸುತ್ತಾರೆ, ಆಮೇಲೆ ವಿಜ್ಞಾನ, ಸಮಾಜ, ಲೆಕ್ಕದ ಪದಪ್ರಶ್ನೆ ಎಲ್ಲವನ್ನೂ ಓದಿಯೇ ಕಲಿಯಬೇಕು. ಈಗ ಅವನು ಮುಂದಿರುವ ಲೆಕ್ಕವೂ ಆಗ ಹಿಂದೆ ಬೀಳತೊಡಗುತ್ತದೆ. ನೆರವು ತಡವಾಗಿ ಬಂದರೂ ಉಪಯೋಗವಿದೆ, ಆದರೆ ಅದೇ ದೂರ ಕ್ರಮಿಸಲು ಹೆಚ್ಚು ಗಂಟೆಗಳು ಬೇಕು.

ಕೊನೆಗೆ ನ್ಯೂಜೆರ್ಸಿ. ಹೋಗುವ ಸಾಧ್ಯತೆ ಇದೆಯೆಂದು ಈಗ ತಡೆಯಬೇಡಿ. ಐಇಪಿ ಆದಮೇಲೆ ರಾಜ್ಯ ಬದಲಿಸಿದರೆ, ಹೊಸ ಜಿಲ್ಲೆ ತನ್ನದೇ ಇವ್ಯಾಲ್ಯುಯೇಶನ್ ಬೇಕೆಂದರೂ ಅದು ಮುಗಿದು ಹೊಸ ಯೋಜನೆ ಆಗುವವರೆಗೆ ಹಳೆಯದಕ್ಕೆ ಸಮನಾದ ಸೇವೆ ಮೊದಲ ದಿನದಿಂದ ಕೊಡಬೇಕು. ಇವ್ಯಾಲ್ಯುಯೇಶನ್ ನಡುವೆಯೇ ಹೋದರೆ ಎರಡೂ ಜಿಲ್ಲೆಗಳು ಮಾತಾಡಿಕೊಂಡು ಅದನ್ನು ಬೇಗ ಮುಗಿಸಬೇಕು. ಕಡತ ತಾನಾಗಿ ಬರುತ್ತದೆಂದು ನೆಚ್ಚಿಕೊಳ್ಳಬೇಡಿ. ಸಹಿಯಾದ ಒಪ್ಪಿಗೆ ಪತ್ರ, ವರದಿ, ಐಇಪಿ, ಕಳೆದ ವರ್ಷದ ಸಣ್ಣ ಗುಂಪಿನ ಪ್ರಗತಿಯ ದಾಖಲೆ, ಕನ್ನಡದ ಬಗ್ಗೆ ನೀವು ಬರೆದ ಪತ್ರ, ಇಷ್ಟರ ಪ್ರತಿಯನ್ನು ಕೈಚೀಲದಲ್ಲೇ ಇಟ್ಟುಕೊಂಡು ಹೋಗಿ, ಹೊಸ ಶಾಲೆಗೆ ಸೇರಿಸುವ ದಿನವೇ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ.